ಹೆಸರು ಹೇಳದ ಹಾಸ್ಯಗಾರ, ಹೆಸರು ಹೇಳಿದವನ ಜೊತೆ ಕೆಲಸ ಮಾಡಿದ: ಝೀರೋ ಮೊಸ್ಟೆಲ್ ಕಥೆ

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ ನಮ್ಮ ಹಾಸ್ಟೆಲ್‌ನಲ್ಲಿ ಸಿನಿಮಾಗಳು ಒಂದು ಹಾರ್ಡ್ ಡಿಸ್ಕ್‌ನಿಂದ ಇನ್ನೊಂದಕ್ಕೆ ಓಡಾಡುತ್ತಿದ್ದವು. ಹಾಗೆ ಬಂದದ್ದರಲ್ಲಿ 'ದಿ ಫ್ರಂಟ್' ಅನ್ನೋ ಹಳೇ ಅಮೆರಿಕನ್ ಚಿತ್ರವೂ ಒಂದು. 1976ರದ್ದು. ವುಡಿ ಅಲೆನ್ ಇದ್ದಾನೆ, ನಗಬಹುದು ಅಂತ ಹಾಕಿಕೊಂಡು ಕೂತೆವು. ನಕ್ಕೆವು ಕೂಡ. ಆದರೆ ಕೊನೆಗೆ ಹೆಸರುಗಳು ಬರತೊಡಗಿದಾಗ ರೂಮಿನಲ್ಲಿದ್ದವರೆಲ್ಲ ಸುಮ್ಮನಾದರು. ನಿರ್ದೇಶಕ ಮಾರ್ಟಿನ್ ರಿಟ್, ಕಪ್ಪುಪಟ್ಟಿಗೆ ಸೇರಿದ್ದು 1951. ಚಿತ್ರಕಥೆ ಬರೆದ ವಾಲ್ಟರ್ ಬರ್ನ್‌ಸ್ಟೀನ್, 1950. ನಟ ಝೀರೋ ಮೊಸ್ಟೆಲ್, 1950. ಹೀಗೆ ಒಟ್ಟು ಆರು ಜನ.

ನಮಗೆ ಗೊತ್ತಿದ್ದ ಬ್ಲ್ಯಾಕ್‌ಲಿಸ್ಟ್ ಒಂದೇ. ಆಫರ್ ತಗೊಂಡು ಕೆಲಸಕ್ಕೆ ಸೇರದವರ ಹೆಸರನ್ನು ಪ್ಲೇಸ್‌ಮೆಂಟ್ ಸೆಲ್‌ನವರು ನೋಟಿಸ್ ಬೋರ್ಡಿಗೆ ಹಚ್ಚುತ್ತಿದ್ದರಲ್ಲ, ಅದು. ಒಂದು ದೇಶ ತನ್ನ ನಟರನ್ನು, ಬರಹಗಾರರನ್ನು ಹೀಗೆ ಪಟ್ಟಿ ಮಾಡಿ ವರ್ಷಗಟ್ಟಲೆ ಕೆಲಸವಿಲ್ಲದೆ ಕೂರಿಸಿತ್ತು ಅನ್ನೋದು ನನಗೆ ಗೊತ್ತಾಗಿದ್ದು ಅವತ್ತು.

ಆ ಆರು ಜನರಲ್ಲಿ ಒಬ್ಬ ತಲೆಯಲ್ಲಿ ಕೂತುಬಿಟ್ಟ. ಭಾರೀ ದೇಹ, ಉರುಳುವ ಕಣ್ಣು, ಬೋಳು ತಲೆ ಮುಚ್ಚೋಕೆ ಒಂದು ಕಡೆಯಿಂದ ಎಳೆದು ತಂದ ನಾಲ್ಕು ಕೂದಲು. ಆ ಝೀರೋ ಮೊಸ್ಟೆಲ್ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಾ ಬಂದೆ. ಅವನು ಸಮಿತಿ ಮುಂದೆ ಹೆಸರು ಹೇಳಲಿಲ್ಲ ಅನ್ನೋದು ದೊಡ್ಡ ವಿಷಯವೇ. ಆದರೆ ನನ್ನನ್ನು ಕಾಡಿದ್ದು ಅದಕ್ಕಿಂತ ಆಮೇಲಿನ ಕಥೆ: ಸ್ನೇಹಿತರ ಹೆಸರು ಹೇಳಿದ್ದ ಒಬ್ಬ ವ್ಯಕ್ತಿ ಮುಂದೆ ಎದುರು ಬಂದು ನಿಂತಾಗ ಝೀರೋ ಏನು ಮಾಡಿದ? ನನ್ನನ್ನು ಯಾಕೆ ಕಾಡಿತು ಅಂತ ಮುಂದೆ ಹೇಳ್ತೀನಿ.

ಸೊನ್ನೆಯಿಂದ ಶುರು

ಅವನ ನಿಜವಾದ ಹೆಸರು ಸ್ಯಾಮ್ಯುಯೆಲ್ ಜೋಯಲ್ ಮೊಸ್ಟೆಲ್. ಹುಟ್ಟಿದ್ದು 1915ರ ಫೆಬ್ರವರಿ 28ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬ, ಮನೆ ತುಂಬ ಮಕ್ಕಳು, ಮನೆಮಾತು ಯಿಡ್ಡಿಷ್. ಅಪ್ಪ ಕಟ್ಟಾ ಧರ್ಮನಿಷ್ಠ. ಹುಡುಗನಿಗೆ ಹುಚ್ಚು ಇದ್ದದ್ದು ಚಿತ್ರ ಬರೆಯೋದರಲ್ಲಿ. ನಾಟಕ, ಸಿನಿಮಾ ಯಾವುದೂ ತಲೆಯಲ್ಲಿರಲಿಲ್ಲ. ಕೊನೆಯವರೆಗೂ ತಾನು ಮೊದಲು ಚಿತ್ರಕಾರ, ಆಮೇಲೆ ನಟ ಅಂತಲೇ ಅವನು ಹೇಳಿಕೊಂಡ.

ಓದಿದ್ದು ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ. ಶುಲ್ಕವಿಲ್ಲದ ಸಾರ್ವಜನಿಕ ಕಾಲೇಜು. ಬಡ ವಲಸಿಗರ ಮಕ್ಕಳು ಅಲ್ಲಿಗೆ ಬಂದು ತುಂಬಿಕೊಂಡಿದ್ದರು. ರಾಜಕೀಯ ವಾಗ್ವಾದ ಅಲ್ಲಿನ ಕ್ಯಾಂಟೀನಿನ ದಿನದ ಊಟ. 1935ರಲ್ಲಿ ಪದವಿ ಮುಗಿಯುವ ಹೊತ್ತಿಗೆ ದೇಶ ಮಹಾ ಆರ್ಥಿಕ ಕುಸಿತದ ಮಧ್ಯದಲ್ಲಿತ್ತು. ಆಗ ರೂಸ್‌ವೆಲ್ಟ್ ಸರ್ಕಾರ ಕಲಾವಿದರಿಗೂ ಕೆಲಸ ಕೊಡುವ ಒಂದು ಯೋಜನೆ ನಡೆಸುತ್ತಿತ್ತು. ಅದರಡಿ ಝೀರೋಗೆ ಚಿತ್ರಕಲೆ ಕಲಿಸುವ, ಮ್ಯೂಸಿಯಂಗಳಲ್ಲಿ ಜನರನ್ನು ಸುತ್ತಿಸಿ ಚಿತ್ರಗಳ ಬಗ್ಗೆ ಹೇಳುವ ಕೆಲಸ ಸಿಕ್ಕಿತು. ಅವನು ಚಿತ್ರದ ಮುಂದೆ ನಿಂತು ವಿವರಿಸುವ ಬದಲು ಚಿತ್ರದೊಳಗಿನವರಂತೆ ನಟಿಸಿ ತೋರಿಸುತ್ತಿದ್ದ. ಜನ ಗೋಡೆ ಬಿಟ್ಟು ಇವನನ್ನೇ ನೋಡತೊಡಗಿದರು. ಹಾಸ್ಯಗಾರ ಹುಟ್ಟಿದ್ದು ಹೀಗೆ, ಒಂದು ಸರ್ಕಾರಿ ಉದ್ಯೋಗ ಯೋಜನೆಯೊಳಗೆ. ಹದಿನೈದು-ಇಪ್ಪತ್ತು ವರ್ಷದ ನಂತರ ಅದೇ ಸರ್ಕಾರದ ಇನ್ನೊಂದು ಕೈ ಅವನ ಕೊರಳಪಟ್ಟಿ ಹಿಡಿಯಿತು ಅನ್ನೋದನ್ನ ನೆನಪಲ್ಲಿಟ್ಟುಕೊಳ್ಳಿ.

1942ರಲ್ಲಿ ಅವನಿಗೆ ಕೆಫೆ ಸೊಸೈಟಿ ಅನ್ನೋ ನೈಟ್‌ಕ್ಲಬ್‌ನಲ್ಲಿ ಅವಕಾಶ ಸಿಕ್ಕಿತು. ಬಾರ್ನಿ ಜೋಸೆಫ್‌ಸನ್ ನಡೆಸುತ್ತಿದ್ದ ಈ ಜಾಗ ಸಾಮಾನ್ಯದ್ದಲ್ಲ. ಕಪ್ಪು ಜನರನ್ನು ವೇದಿಕೆ ಮೇಲೆ ಹಾಡಿಸಿ, ಕೆಳಗೆ ಬಿಳಿಯರನ್ನು ಮಾತ್ರ ಕೂರಿಸುವ ಕಾಲದಲ್ಲಿ ಇಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು. ಬಿಲ್ಲಿ ಹಾಲಿಡೇ ಹಾಡಿ ಹೆಸರಾದದ್ದು ಇದೇ ವೇದಿಕೆಯಲ್ಲಿ. ಝೀರೋ ಅನ್ನೋ ಹೆಸರು ಬಿದ್ದದ್ದೂ ಇಲ್ಲೇ, ಕ್ಲಬ್ಬಿನ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದವರಿಂದ. ಏನೂ ಇಲ್ಲದ ಕಡೆಯಿಂದ ಮೇಲೆ ಬರುವವನು ಅನ್ನೋ ಅರ್ಥದಲ್ಲಿ.

ಅಲ್ಲಿ ಅವನು ಮಾಡುತ್ತಿದ್ದ ಒಂದು ಪಾತ್ರದ ಹೆಸರು ಸೆನೆಟರ್ ಪೋಲ್‌ಟ್ಯಾಕ್ಸ್ ಟಿ. ಪೆಲಾಗ್ರಾ. ಹೆಸರಿನಲ್ಲೇ ಪೂರ್ತಿ ರಾಜಕೀಯ ಇದೆ ನೋಡಿ. ಪೋಲ್ ಟ್ಯಾಕ್ಸ್ ಅಂದರೆ ದಕ್ಷಿಣದ ರಾಜ್ಯಗಳಲ್ಲಿ ಮತ ಹಾಕಲು ಕಟ್ಟಬೇಕಿದ್ದ ತೆರಿಗೆ. ಕಪ್ಪು ಜನರನ್ನೂ ಬಡವರನ್ನೂ ಮತಗಟ್ಟೆಯಿಂದ ದೂರ ಇಡುವ ಉಪಾಯ. ಪೆಲಾಗ್ರಾ ಅಂದರೆ ಅದೇ ದಕ್ಷಿಣದ ಬಡವರಿಗೆ, ಬರೀ ಮೆಕ್ಕೆಜೋಳ ತಿಂದು ಬದುಕುವವರಿಗೆ ಬರುತ್ತಿದ್ದ ಕಾಯಿಲೆ. ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬ್ ಹಾಕಿ ಇನ್ನೂ ಕೆಲವೇ ತಿಂಗಳು. ಈ ಸೆನೆಟರ್ ವೇದಿಕೆ ಮೇಲೆ ಗುಡುಗುತ್ತಾ, ಅಷ್ಟಕ್ಕೂ ಆ ಹವಾಯಿ ಪೆಸಿಫಿಕ್ ಸಾಗರದಲ್ಲಿ ಏನು ಮಾಡ್ತಿತ್ತು ಅಂತ ತನಿಖೆ ಆಗಬೇಕು ಅನ್ನುತ್ತಿದ್ದ. ಇಂಥ ಸೆನೆಟರ್‌ಗಳು ನಿಮಗೂ ಗೊತ್ತಿರಬಹುದು.

ಆಮೇಲೆ ಎಲ್ಲ ವೇಗವಾಗಿ ನಡೆಯಿತು. 1943ರಲ್ಲಿ ಮೊದಲ ಸಿನಿಮಾ. ಮರುವರ್ಷ ಕ್ಯಾಥರಿನ್ ಹಾರ್ಕಿನ್ ಅನ್ನೋ ನೃತ್ಯಗಾತಿಯ ಜೊತೆ ಮದುವೆ. ಅವನಿಗೆ ಇದು ಎರಡನೇ ಮದುವೆ, ಆಕೆ ಯಹೂದಿ ಅಲ್ಲ. ಹೆತ್ತವರು ಮಗನಿಂದ ದೂರವಾದರು. ಮನೆಯೊಳಗಿನ ಬಹಿಷ್ಕಾರ ಅವನಿಗೆ ದೇಶದ ಬಹಿಷ್ಕಾರಕ್ಕಿಂತ ಮೊದಲೇ ಬಂದಿತ್ತು ಅನ್ನಬಹುದು. 1946ರಲ್ಲಿ ಡ್ಯೂಕ್ ಎಲಿಂಗ್ಟನ್ ಸಂಗೀತ ಕೊಟ್ಟ 'ಬೆಗರ್ಸ್ ಹಾಲಿಡೇ' ಬ್ರಾಡ್‌ವೇ ನಾಟಕದಲ್ಲಿ ಪಾತ್ರ. 1950ರಲ್ಲಿ ಎಲಿಯಾ ಕಜಾನ್ ನಿರ್ದೇಶನದ 'ಪ್ಯಾನಿಕ್ ಇನ್ ದಿ ಸ್ಟ್ರೀಟ್ಸ್' ಚಿತ್ರದಲ್ಲಿ ಬೆವರು ಸುರಿಸುತ್ತಾ ಓಡುವ ಪುಕ್ಕಲು ರೌಡಿಯ ಪಾತ್ರ. ಮುಂದಿನ ವರ್ಷ ಹಂಫ್ರಿ ಬೊಗಾರ್ಟ್ ಜೊತೆ ಇನ್ನೊಂದು ಚಿತ್ರ. ವಯಸ್ಸು ಮೂವತ್ತೈದು ದಾಟಿತ್ತು, ದಾರಿ ತೆರೆದಿತ್ತು. ಅಲ್ಲಿಗೆ ನಿಂತಿತು.

ಪಟ್ಟಿ ಕೆಲಸ ಮಾಡುವ ರೀತಿ

ಕಪ್ಪುಪಟ್ಟಿ ಅಂದ ಕೂಡಲೇ ಯಾವುದೋ ಸರ್ಕಾರಿ ಆದೇಶ, ಗೆಜೆಟ್, ಮೊಹರು ಅಂದುಕೊಳ್ಳುತ್ತೇವೆ. ಅಂಥದ್ದೇನೂ ಇರಲಿಲ್ಲ. 1950ರ ಜೂನ್‌ನಲ್ಲಿ 'ರೆಡ್ ಚಾನೆಲ್ಸ್' ಅನ್ನೋ ಒಂದು ಖಾಸಗಿ ಪುಸ್ತಿಕೆ ಬಂತು. ರೇಡಿಯೋ, ಟಿವಿಯಲ್ಲಿ ಕೆಲಸ ಮಾಡುವ 151 ಜನರ ಹೆಸರು. ಪ್ರತಿಯೊಬ್ಬರ ಮುಂದೆ ಅವರು ಯಾವ ಸಭೆಗೆ ಹೋಗಿದ್ದರು, ಯಾವ ಮನವಿಗೆ ಸಹಿ ಹಾಕಿದ್ದರು, ಯಾರಿಗಾಗಿ ಉಚಿತ ಕಾರ್ಯಕ್ರಮ ಕೊಟ್ಟಿದ್ದರು ಅನ್ನೋ ವಿವರ. ಲಿಯೊನಾರ್ಡ್ ಬರ್ನ್‌ಸ್ಟೀನ್, ಆರ್ಥರ್ ಮಿಲ್ಲರ್, ಆರ್ಸನ್ ವೆಲ್ಸ್, ಲೀನಾ ಹಾರ್ನ್ ಎಲ್ಲ ಅದರಲ್ಲಿದ್ದರು. ಝೀರೋ ಮೊಸ್ಟೆಲ್ ಕೂಡ.

ಯಾವ ಕೋರ್ಟೂ ಇವರನ್ನು ಅಪರಾಧಿ ಅನ್ನಲಿಲ್ಲ. ಕೆಲಸ ಕೊಡಬೇಡಿ ಅಂತ ಯಾವ ಕಾನೂನೂ ಹೇಳಲಿಲ್ಲ. ಜಾಹೀರಾತು ಕೊಡುವ ಕಂಪನಿಗೆ ಹೆದರಿಕೆ, ಕಂಪನಿಗೆ ಹೆದರಿ ಚಾನೆಲ್‌ಗೆ ಹೆದರಿಕೆ, ಚಾನೆಲ್‌ಗೆ ಹೆದರಿ ನಿರ್ಮಾಪಕನಿಗೆ ಹೆದರಿಕೆ. ಸರ್ಕ್ಯೂಟ್ ಓದಿದವನಾಗಿ ನನಗೆ ಇದು ಸರಣಿಯಲ್ಲಿ ಜೋಡಿಸಿದ ದೀಪಗಳ ಹಾಗೆ ಕಾಣುತ್ತೆ. ಎಲ್ಲೋ ಒಂದು ಕಡೆ ತಂತಿ ಕಿತ್ತರೆ ಸಾಲು ಪೂರ್ತಿ ಕತ್ತಲೆ, ಕಿತ್ತವರು ಯಾರು ಅಂತ ಕೇಳಿದರೆ ಯಾರೂ ಇಲ್ಲ. ಫೋನ್ ಬರೋದು ನಿಲ್ಲುತ್ತೆ, ಅಷ್ಟೇ.

ಹೊರಬರುವ ಬಾಗಿಲು ಒಂದೇ ಇತ್ತು. ಸಂಸತ್ತಿನ ಕೆಳಮನೆಯ ಅಮೆರಿಕ-ವಿರೋಧಿ ಚಟುವಟಿಕೆಗಳ ಸಮಿತಿ ಮುಂದೆ ಹೋಗಿ, ತಾನು ಕಮ್ಯುನಿಸ್ಟ್ ಆಗಿದ್ದೆ ಅಂತ ಒಪ್ಪಿಕೊಂಡು, ಜೊತೆಗಿದ್ದವರ ಹೆಸರು ಹೇಳಬೇಕು. ಆ ಹೆಸರುಗಳು ಬಹುತೇಕ ಸಮಿತಿ ಬಳಿ ಮೊದಲೇ ಇರುತ್ತಿದ್ದವು. ಅವರಿಗೆ ಬೇಕಿದ್ದದ್ದು ಮಾಹಿತಿಗಿಂತ ಹೆಚ್ಚಾಗಿ ನೀವು ತಲೆ ಬಾಗಿಸಿದ್ದಕ್ಕೆ ಸಾಕ್ಷಿ. ಎರಡು ವರ್ಷದ ಹಿಂದೆ ಝೀರೋನನ್ನು ಚಿತ್ರಕ್ಕೆ ಹಾಕಿಕೊಂಡಿದ್ದ ಕಜಾನ್ 1952ರ ಏಪ್ರಿಲ್‌ನಲ್ಲಿ ಹೋಗಿ ಹೆಸರು ಹೇಳಿ ಬಂದ. ಅದೇ ವರ್ಷ ಜನವರಿಯಲ್ಲಿ ಮಾರ್ಟಿನ್ ಬರ್ಕ್ಲಿ ಅನ್ನೋ ಚಿತ್ರಕಥೆಗಾರ ಸಮಿತಿಗೆ ಝೀರೋ ಹೆಸರು ಕೊಟ್ಟಿದ್ದ. 1953ರ ಮೇ ತಿಂಗಳಲ್ಲಿ ಬ್ರಾಡ್‌ವೇಯ ಪ್ರಸಿದ್ಧ ನೃತ್ಯ ನಿರ್ದೇಶಕ ಜೆರೋಮ್ ರಾಬಿನ್ಸ್ ಎಂಟು ಜನರ ಹೆಸರು ಹೇಳಿದ. ಅವನು ಸಲಿಂಗಿ ಅನ್ನೋದನ್ನ ಬಯಲು ಮಾಡುತ್ತೇವೆ ಅನ್ನೋ ಬೆದರಿಕೆ ಇತ್ತು ಅಂತ ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಆ ಕಾಲದಲ್ಲಿ ಅದೊಂದೇ ಸಾಕಿತ್ತು ಮನುಷ್ಯನನ್ನು ಮುಗಿಸೋಕೆ. ರಾಬಿನ್ಸ್ ಹೇಳಿದ ಎಂಟರಲ್ಲಿ ಒಂದು ಹೆಸರು ನಟಿ ಮ್ಯಾಡೆಲಿನ್ ಲೀ. ಝೀರೋನ ಹಳೇ ಗೆಳೆಯ, ಹಾಸ್ಯನಟ ಜ್ಯಾಕ್ ಗಿಲ್ಫೋರ್ಡ್‌ನ ಹೆಂಡತಿ.

ಝೀರೋನ ಸರದಿ ಬಂದದ್ದು 1955ರಲ್ಲಿ. ಸಮಿತಿಯವರು ಯಾವ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದೆ ಅಂತ ಕೇಳಿದರೆ, ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಹೆಸರನ್ನು ಎರಡು ಶತಮಾನ ಹಿಂದಕ್ಕೆ ತಳ್ಳಿ ಹದಿನೆಂಟನೇ ಶತಮಾನದ ಫಾಕ್ಸ್ ಮಾಡಿಬಿಟ್ಟ. ಎಡಪಂಥೀಯ ಪತ್ರಿಕೆಯೊಂದರ ಸಹಾಯಾರ್ಥ ಕಾರ್ಯಕ್ರಮದ ವಿಷಯ ಬಂದಾಗ, ತಾನು ಅಲ್ಲಿ ಸುಮ್ಮನೆ ಕೂತ ಚಿಟ್ಟೆಯೊಂದನ್ನು ಅನುಕರಿಸಿ ತೋರಿಸಿದ್ದರೆ ಅದರಲ್ಲೇನು ಅಪರಾಧ ಅನ್ನೋ ಧಾಟಿಯಲ್ಲಿ ಉತ್ತರಿಸಿದ. ಚುನಾಯಿತ ಪ್ರತಿನಿಧಿಯೊಬ್ಬರು ಗಂಭೀರವಾಗಿ, ಆ ಚಿಟ್ಟೆಯಿಂದ ಪಕ್ಷದ ಬೊಕ್ಕಸಕ್ಕೆ ಹಣ ಹೋಯಿತಲ್ಲ ಅಂತ ವಾದಕ್ಕಿಳಿದರು. ಇದು ಸರ್ಕಾರಿ ಕಡತದಲ್ಲಿ ದಾಖಲಾದ ಸಂಭಾಷಣೆ, ಯಾರೋ ಬರೆದ ಪ್ರಹಸನ ಅಲ್ಲ.

ನಗು ಬಿಟ್ಟು ನೋಡಿದರೆ ಅವನು ಮಾಡಿದ್ದು ಒಂದೇ ಕೆಲಸ. ಸಂವಿಧಾನದ ಐದನೇ ತಿದ್ದುಪಡಿಯ ಹಕ್ಕು ಬಳಸಿ ಹಳೆಯ ರಾಜಕೀಯದ ಬಗ್ಗೆ ಉತ್ತರಿಸಲು ನಿರಾಕರಿಸಿದ. ಯಾರ ಹೆಸರನ್ನೂ ಹೇಳಲಿಲ್ಲ. ಇಲ್ಲೊಂದು ಕಾನೂನಿನ ಬಲೆ ಇತ್ತು. ನನ್ನ ಬಗ್ಗೆ ಕೇಳಿ, ಹೇಳ್ತೀನಿ, ಬೇರೆಯವರ ಬಗ್ಗೆ ಹೇಳಲ್ಲ ಅನ್ನೋ ಆಯ್ಕೆ ಇರಲಿಲ್ಲ. ತನ್ನ ಬಗ್ಗೆ ಒಮ್ಮೆ ಬಾಯಿಬಿಟ್ಟರೆ ಮೌನದ ಹಕ್ಕು ಹೋಯಿತು. ಆಮೇಲೆ ಬೇರೆಯವರ ಹೆಸರಿಗೆ ಉತ್ತರ ಕೊಡದಿದ್ದರೆ ಜೈಲು. ಹಾಗಾಗಿ ಸ್ನೇಹಿತರನ್ನು ಉಳಿಸಬೇಕು ಅಂದರೆ ತನ್ನ ಬಗ್ಗೆಯೂ ಬಾಯಿ ಮುಚ್ಚಬೇಕು, ತಪ್ಪಿತಸ್ಥನ ಹಾಗೆ ಕಾಣಿಸಿಕೊಳ್ಳಬೇಕು.

ಅದೇ ವರ್ಷ ಸೆಪ್ಟೆಂಬರ್ 1ರಂದು ಅವನ ಆಪ್ತ ಗೆಳೆಯ, ನಟ ಫಿಲಿಪ್ ಲೋಬ್ ನ್ಯೂಯಾರ್ಕ್‌ನ ಹೋಟೆಲ್ ಕೋಣೆಯೊಂದರಲ್ಲಿ ಮಾತ್ರೆ ನುಂಗಿ ಸತ್ತ. ಜನಪ್ರಿಯ ಟಿವಿ ಧಾರಾವಾಹಿಯಲ್ಲಿ ಅಪ್ಪನ ಪಾತ್ರ ಮಾಡುತ್ತಿದ್ದವನು. 'ರೆಡ್ ಚಾನೆಲ್ಸ್'ನಲ್ಲಿ ಹೆಸರು ಬಂದ ಮೇಲೆ ಆ ಪಾತ್ರವನ್ನು ಕಳೆದುಕೊಂಡಿದ್ದ.

ನನ್ನ ಪಾಲಿನ ಒಂದು ಹೆಸರು

ಇಲ್ಲಿ ನನ್ನ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಬರೀ ದೂರದ ದೇಶದ ವೀರಗಾಥೆ ಆಗುತ್ತೆ. ಓದು ಮುಗಿಸಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ಸೇರಿದ್ದೆ. ಎರಡನೇ ವರ್ಷ ಆಫೀಸಿನ ವಾರ್ಷಿಕೋತ್ಸವಕ್ಕೆ ನಮ್ಮ ಟೀಮಿನಿಂದ ಒಂದು ಸ್ಕಿಟ್ ಮಾಡಿದೆವು. ಅದರಲ್ಲಿ ದೊಡ್ಡ ಮ್ಯಾನೇಜರ್ ಒಬ್ಬರ ಮಿಮಿಕ್ರಿ ಇತ್ತು, ಶನಿವಾರಗಳಲ್ಲೂ ಕೆಲಸ ಮಾಡಿಸೋದರ ಬಗ್ಗೆ. ಇಡೀ ಸಭಾಂಗಣ ನಕ್ಕಿತು. ಸೋಮವಾರ ಎಚ್‌ಆರ್‌ನಿಂದ ಕರೆ ಬಂತು. ಕಾಫಿ ಕೊಟ್ಟು ತುಂಬಾ ಮೃದುವಾಗಿ, ಸುಮ್ಮನೆ ಕುತೂಹಲಕ್ಕೆ, ಸ್ಕ್ರಿಪ್ಟ್ ಯಾರು ಬರೆದದ್ದು ಅಂತ ಕೇಳಿದರು. ನಾನು ಹೇಳಿದೆ. ಬೆದರಿಕೆ ಇರಲಿಲ್ಲ, ಸಮಿತಿ ಇರಲಿಲ್ಲ, ಜೈಲೂ ಇರಲಿಲ್ಲ. ಕೇಳಿದರು, ಹೇಳಿಬಿಟ್ಟೆ.

ಬರೆದವನು ನನ್ನ ರೂಮ್‌ಮೇಟ್. ಅವನನ್ನು ಪ್ರಾಜೆಕ್ಟಿನಿಂದ ತೆಗೆದು ಬೆಂಚ್ ಮೇಲೆ ಕೂರಿಸಿದರು. ಮೂರು ತಿಂಗಳಲ್ಲಿ ಅವನೇ ಕೆಲಸ ಬಿಟ್ಟ. ಕಂಪನಿಗಿಂತ ಮೊದಲು ರೂಮ್ ಬಿಟ್ಟಿದ್ದ.

ಕಜಾನ್, ರಾಬಿನ್ಸ್ ಎದುರಿಸಿದ್ದಕ್ಕೆ ಹೋಲಿಸಿದರೆ ನನ್ನದು ಸಾಸಿವೆ ಕಾಳು. ಆದರೂ ಅವತ್ತಿನಿಂದ ಝೀರೋ ಕಥೆ ಓದುವಾಗ ನನ್ನನ್ನು ನಾನು ಝೀರೋ ಜಾಗದಲ್ಲಿ ಇಟ್ಟುಕೊಳ್ಳೋಕೆ ಆಗಿಲ್ಲ.

ಮುರಿದ ಕಾಲಿನ ಮೇಲೆ ವಾಪಸ್

ಆ ವರ್ಷಗಳಲ್ಲಿ ಝೀರೋ ಮ್ಯಾನ್‌ಹ್ಯಾಟನ್‌ನ 28ನೇ ಬೀದಿಯ ತನ್ನ ಸ್ಟುಡಿಯೋದಲ್ಲಿ ಚಿತ್ರ ಬರೆದ, ಸಿಕ್ಕ ಕಡೆ ಸಣ್ಣ ದುಡ್ಡಿಗೆ ಕಾರ್ಯಕ್ರಮ ಕೊಟ್ಟ. ಹಿಂದೆ ದೊಡ್ಡ ಮೊತ್ತ ಕೊಡುತ್ತಿದ್ದ ಬೆಟ್ಟದ ರೆಸಾರ್ಟ್ ಒಂದು, ಈಗ ಅವನಿಗೆ ಬೇರೆ ದಾರಿ ಇಲ್ಲ ಅಂತ ಗೊತ್ತಿದ್ದು ಚಿಲ್ಲರೆಗೆ ಒಪ್ಪಿಸಿ, ಬಂದ ಮೇಲೆ ಅದನ್ನೂ ಕಡಿಮೆ ಮಾಡಿತು. ಅವತ್ತು ವೇದಿಕೆ ಮೇಲೆ ಅವನು ಪ್ರೇಕ್ಷಕರಿಗೆ ಯಿಡ್ಡಿಷ್‌ನಲ್ಲಿ ಬಾಯಿಗೆ ಬಂದಂತೆ ಬೈದ. ಜನ ಅದನ್ನೂ ಹಾಸ್ಯ ಅಂದುಕೊಂಡು ಬಿದ್ದೂ ಬಿದ್ದೂ ನಕ್ಕರು. ಜೊತೆಗಿದ್ದ ವಾಲ್ಟರ್ ಬರ್ನ್‌ಸ್ಟೀನ್ ಇದನ್ನು ಮರೆಯಲಿಲ್ಲ.

ಸಿನಿಮಾ, ಟಿವಿಗಿಂತ ರಂಗಭೂಮಿಗೆ ಜಾಹೀರಾತುದಾರರ ಹಂಗು ಕಡಿಮೆ. ಹಾಗಾಗಿ ಬಾಗಿಲು ಮೊದಲು ತೆರೆದದ್ದು ಅಲ್ಲಿ. 1958ರಲ್ಲಿ ಜೇಮ್ಸ್ ಜಾಯ್ಸ್ ಕಾದಂಬರಿ ಆಧರಿಸಿದ 'ಯುಲಿಸಿಸ್ ಇನ್ ನೈಟ್‌ಟೌನ್' ನಾಟಕದಲ್ಲಿ ಲಿಯೋಪೋಲ್ಡ್ ಬ್ಲೂಮ್ ಪಾತ್ರ. ಬ್ರಾಡ್‌ವೇ ಹೊರಗಿನ ಪುಟ್ಟ ರಂಗಮಂದಿರ. ನಿರ್ದೇಶಕ ಬರ್ಜೆಸ್ ಮೆರಿಡಿತ್ ಕೂಡ ಅದೇ 'ರೆಡ್ ಚಾನೆಲ್ಸ್' ಪಟ್ಟಿಯವನು. ಆ ಪಾತ್ರಕ್ಕೆ ಓಬಿ ಪ್ರಶಸ್ತಿ ಬಂತು, ನಾಟಕ ಯುರೋಪಿಗೂ ಹೋಯಿತು.

1960ರ ಜನವರಿಯಲ್ಲಿ ಟ್ಯಾಕ್ಸಿಯಿಂದ ಇಳಿಯುವಾಗ ಬಸ್ಸೊಂದು ಗುದ್ದಿ ಅವನ ಕಾಲನ್ನು ಜಜ್ಜಿಹಾಕಿತು. ಕಾಲು ತೆಗೆಯಬೇಕು ಅಂದರು ಡಾಕ್ಟರು. ಅವನು ಒಪ್ಪಲಿಲ್ಲ. ಹಲವು ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಆಸ್ಪತ್ರೆ. ಕಾಲು ಉಳಿಯಿತು, ನೋವೂ ಉಳಿಯಿತು. ಬದುಕಿಡೀ ಊರುಗೋಲು ಜೊತೆಗಿತ್ತು. ಇನ್ನು ಮುಂದೆ ನಾನು ಹೇಳುವ ಕುಣಿತ, ಹಾರಾಟ ಎಲ್ಲ ಆ ಕಾಲಿನ ಮೇಲೆ ಆದದ್ದು.

ಮರುವರ್ಷವೇ ಬ್ರಾಡ್‌ವೇಯಲ್ಲಿ ಯುಜೀನ್ ಅಯನೆಸ್ಕೋನ 'ರೈನೋಸರಸ್'. ಊರಿನ ಜನ ಒಬ್ಬೊಬ್ಬರಾಗಿ ಖಡ್ಗಮೃಗ ಆಗುತ್ತಾ ಹೋಗುವ ನಾಟಕ. ಮೊದಲು ಬೆಚ್ಚಿಬೀಳುವ ಜನ ಆಮೇಲೆ ಅದಕ್ಕೆ ಒಗ್ಗಿಕೊಂಡು, ಕೊನೆಗೆ ಖಡ್ಗಮೃಗ ಆಗೋದೇ ಸರಿ ಅಂತ ವಾದ ಮಾಡುತ್ತಾರೆ. ಫ್ಯಾಸಿಸಂ ಮನೆಮನೆಗೆ ಹಬ್ಬುವ ಬಗೆಯನ್ನು ಕಂಡವನು ಬರೆದ ನಾಟಕ. ಝೀರೋ ಅದರಲ್ಲಿ ಪ್ರೇಕ್ಷಕರ ಕಣ್ಣೆದುರೇ ಮನುಷ್ಯನಿಂದ ಪ್ರಾಣಿಯಾಗಬೇಕು. ಕೊಂಬಿಲ್ಲ, ಮುಖವಾಡವಿಲ್ಲ. ಬರೀ ಕತ್ತು, ಭುಜ, ಉಸಿರು, ದನಿ. ಸುತ್ತಲಿದ್ದ ಜನ ಹೀಗೆ ಬದಲಾಗಿದ್ದನ್ನು ಹತ್ತು ವರ್ಷ ಹತ್ತಿರದಿಂದ ನೋಡಿದ್ದವನಿಗೆ ಆ ಪಾತ್ರ ಹೊಸದಾಗಿರಲಿಲ್ಲ. 1961ರ ಅತ್ಯುತ್ತಮ ನಟ ಟೋನಿ ಪ್ರಶಸ್ತಿ ಸಿಕ್ಕಿತು.

ಕೆಲಸ ಬೇರೆ, ಊಟ ಬೇರೆ

1962ರಲ್ಲಿ 'ಎ ಫನ್ನಿ ಥಿಂಗ್ ಹ್ಯಾಪನ್ಡ್ ಆನ್ ದಿ ವೇ ಟು ದಿ ಫೋರಂ' ಅನ್ನೋ ಸಂಗೀತ ನಾಟಕ ಸಿದ್ಧವಾಗುತ್ತಿತ್ತು. ಪ್ರಾಚೀನ ರೋಮ್‌ನ ಕಥೆ, ಹಾಡುಗಳು ಸ್ಟೀಫನ್ ಸೋಂಡ್‌ಹೈಮ್‌ದು. ಹೇಗಾದರೂ ಮಾಡಿ ಬಿಡುಗಡೆ ಪಡೆಯಬೇಕು ಅನ್ನುವ ಕಿಲಾಡಿ ಗುಲಾಮ ಸ್ಯೂಡೋಲಸ್ ಪಾತ್ರ ಝೀರೋಗೆ. ಜೊತೆಗೆ ಜ್ಯಾಕ್ ಗಿಲ್ಫೋರ್ಡ್ ಕೂಡ ಇದ್ದ. ಬ್ರಾಡ್‌ವೇಗೆ ಬರುವ ಮುಂಚಿನ ಪ್ರಯೋಗಗಳಲ್ಲಿ ನಾಟಕ ನೆಲಕಚ್ಚಿತು. ಜನ ನಗಲಿಲ್ಲ. ರಿಪೇರಿ ಮಾಡಬಲ್ಲವನು ಒಬ್ಬನೇ ಅಂತ ನಿರ್ಮಾಪಕ ಹೆರಾಲ್ಡ್ ಪ್ರಿನ್ಸ್‌ಗೆ ಅನ್ನಿಸಿತು. ಜೆರೋಮ್ ರಾಬಿನ್ಸ್.

ಪ್ರಿನ್ಸ್ ಮೊದಲು ಝೀರೋಗೆ ಕೇಳಿದ. ಆಗಲ್ಲ ಅಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಝೀರೋ ಕೇಳಿದ ಪ್ರಶ್ನೆ ಒಂದೇ ಅಂತೆ: ಅವನ ಜೊತೆ ಊಟಕ್ಕೇನೂ ಕೂರಬೇಕಾಗಿಲ್ಲ ತಾನೇ? ನಾವು ಎಡಪಂಥದವರು ಕಪ್ಪುಪಟ್ಟಿ ಮಾಡೋರಲ್ಲ ಅನ್ನೋ ಅರ್ಥದ ಮಾತನ್ನೂ ಹೇಳಿ ಒಪ್ಪಿಕೊಂಡ. ಗಿಲ್ಫೋರ್ಡ್‌ಗೆ ಅಷ್ಟು ಸುಲಭ ಇರಲಿಲ್ಲ, ರಾಬಿನ್ಸ್ ಹೇಳಿದ್ದು ಅವನ ಹೆಂಡತಿಯ ಹೆಸರು. ನಾಟಕ ಬಿಡುತ್ತೇನೆ ಅಂದ. ಬೇಡ ಅಂದದ್ದು ಮ್ಯಾಡೆಲಿನ್. ಅವರು ನಿನ್ನನ್ನು ಪಟ್ಟಿಗೆ ಹಾಕಿದ್ದು ಸಾಲದೇ, ಈಗ ನಿನ್ನನ್ನು ನೀನೇ ಯಾಕೆ ಹಾಕಿಕೊಳ್ಳುತ್ತೀಯ ಅಂತ ಆಕೆ ಕೇಳಿದ್ದಕ್ಕೆ ಗಿಲ್ಫೋರ್ಡ್ ಉಳಿದ.

ರಾಬಿನ್ಸ್ ಮೊದಲ ದಿನ ತಾಲೀಮಿಗೆ ಬಂದಾಗ ಇಡೀ ತಂಡ ಉಸಿರು ಹಿಡಿದು ನಿಂತಿತ್ತು. ಝೀರೋ ದೊಡ್ಡ ದನಿಯಲ್ಲಿ ಅವನನ್ನು ಬಾಯಿಸಡಿಲ ಅನ್ನೋ ಅರ್ಥದ ಅಡ್ಡಹೆಸರಿನಿಂದ ಕರೆದು ಸ್ವಾಗತಿಸಿದ. ಒಂದು ಕ್ಷಣ ಮೌನ, ಆಮೇಲೆ ಎಲ್ಲರೂ ನಕ್ಕರು. ರಾಬಿನ್ಸ್ ಕೂಡ. ಅಲ್ಲಿಂದ ಕೆಲಸ ಶುರು. ಇದು ಹಾಸ್ಯ ನಾಟಕ ಅಂತ ಮೊದಲ ಹಾಡಿನಲ್ಲೇ ಜನಕ್ಕೆ ಹೇಳಿಬಿಡಿ ಅನ್ನೋದು ರಾಬಿನ್ಸ್ ಕೊಟ್ಟ ಸಲಹೆ. ಸೋಂಡ್‌ಹೈಮ್ ಹೊಸ ಹಾಡು ಬರೆದ, ಝೀರೋ ಅದನ್ನು ಹಾಡಿದ, ಅದೇ ಪ್ರೇಕ್ಷಕರು ನಗತೊಡಗಿದರು. ನಾಟಕ 964 ಪ್ರದರ್ಶನ ಕಂಡಿತು, ಝೀರೋಗೆ ಎರಡನೇ ಟೋನಿ ಬಂತು.

ಎರಡು ವರ್ಷದ ನಂತರ ಇಬ್ಬರೂ ಮತ್ತೆ ಒಟ್ಟಿಗೆ. ಶೋಲೆಮ್ ಅಲೈಖೆಮ್‌ನ ಯಿಡ್ಡಿಷ್ ಕಥೆಗಳನ್ನು ಆಧರಿಸಿದ 'ಫಿಡ್ಲರ್ ಆನ್ ದಿ ರೂಫ್', ರಾಬಿನ್ಸ್ ನಿರ್ದೇಶನ. ರಷ್ಯಾದ ಹಳ್ಳಿಯ ಬಡ ಹಾಲಿನವನು ತೆವ್ಯೆ. ಐದು ಹೆಣ್ಣುಮಕ್ಕಳು, ಕುಂಟುವ ಕುದುರೆ, ದೇವರ ಜೊತೆ ಮುಗಿಯದ ಜಗಳ. ಮಗಳೊಬ್ಬಳು ಯಹೂದಿ ಅಲ್ಲದವನನ್ನು ಮದುವೆಯಾದಾಗ ಅವಳು ತನ್ನ ಪಾಲಿಗೆ ಇಲ್ಲ ಅಂದುಬಿಡುವ ಅಪ್ಪ. ಅಂಥದ್ದೇ ಮದುವೆಗೆ ತನ್ನ ಹೆತ್ತವರನ್ನು ಕಳೆದುಕೊಂಡಿದ್ದ ಮಗ ಈಗ ಆ ಅಪ್ಪನ ಪಾತ್ರ ಮಾಡಬೇಕಿತ್ತು.

ತಾಲೀಮಿನ ಒಂದು ಪ್ರಸಂಗ ಹೇಳುತ್ತಾರೆ. ಯಹೂದಿ ಮನೆಗಳ ಬಾಗಿಲ ಚೌಕಟ್ಟಿನಲ್ಲಿ ಒಂದು ಪುಟ್ಟ ಪವಿತ್ರ ಕರಂಡಕ ಇರುತ್ತೆ. ಒಳಬರುವವರು ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ಝೀರೋ ಪ್ರತಿಸಲ ಹಾಗೆ ಮಾಡುತ್ತಿದ್ದ. ಬೇಡ ಅಂದ ರಾಬಿನ್ಸ್. ಮತ್ತೆ ಮಾಡಿದ, ಮತ್ತೆ ಬೇಡ ಅಂದ. ಮುಂದಿನ ಸಲ ಝೀರೋ ಬಾಗಿಲಲ್ಲಿ ನಿಂತು ಕ್ರೈಸ್ತರಂತೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. ರಾಬಿನ್ಸ್ ಸೋತು ಒಪ್ಪಿಕೊಂಡ. ಕ್ಷಮಿಸಲಿಲ್ಲ, ಹಾಗಂತ ಕೆಲಸ ಕೆಡಿಸಲೂ ಇಲ್ಲ. 1964ರ ಸೆಪ್ಟೆಂಬರ್ 22ರಂದು ಶುರುವಾದ ನಾಟಕ ಒಟ್ಟು 3242 ಪ್ರದರ್ಶನ ಓಡಿ ಆಗಿನ ಬ್ರಾಡ್‌ವೇ ದಾಖಲೆ ಮುರಿಯಿತು. ಝೀರೋಗೆ ಮೂರನೇ ಟೋನಿ.

ಅವನನ್ನು ಸಂತ ಮಾಡುವ ಉದ್ದೇಶ ನನಗಿಲ್ಲ. ಜೊತೆ ನಟರಿಗೆ ಅವನು ದೊಡ್ಡ ತಲೆನೋವು. ಪ್ರದರ್ಶನ ಹಳತಾಗುತ್ತಿದ್ದಂತೆ ಮನಸ್ಸಿಗೆ ಬಂದ ಮಾತು ಸೇರಿಸಿ, ನಾಟಕ ನಿಲ್ಲಿಸಿ, ಎದುರಿಗಿದ್ದವರ ದೃಶ್ಯ ತಿಂದುಬಿಡುತ್ತಿದ್ದ. ಒಂದು ವರ್ಷ ತುಂಬುವ ಮೊದಲೇ ಅವನು 'ಫಿಡ್ಲರ್' ಬಿಟ್ಟಾಗ ನಿರ್ಮಾಪಕರು ತಡೆಯಲಿಲ್ಲ. 1971ರಲ್ಲಿ ಅದು ಸಿನಿಮಾ ಆದಾಗ ನಿರ್ದೇಶಕ ನಾರ್ಮನ್ ಜೂಯಿಸನ್ ತೆವ್ಯೆ ಪಾತ್ರವನ್ನು ಇಸ್ರೇಲಿ ನಟ ಟೋಪೋಲ್‌ಗೆ ಕೊಟ್ಟ. ಝೀರೋಗೆ ಈ ಗಾಯ ಮಾಯಲೇ ಇಲ್ಲ. ಅದೇ ಜೂಯಿಸನ್ ತನ್ನ ಮುಂದಿನ ಚಿತ್ರಕ್ಕೆ ಝೀರೋನ ಮಗ ಜೋಶ್‌ನನ್ನು ಕರೆದಾಗ, ಟೋಪೋಲ್‌ನ ಮಗನನ್ನು ಕೇಳು ಅಂತ ಹೇಳು ಅಂದನಂತೆ ಅಪ್ಪ. ಜೋಶ್ ಹೋಗಿ ನಟಿಸಿದ, ಅದು ಬೇರೆ ಮಾತು.

ಸಿನಿಮಾದಲ್ಲಿ ಅವನಿಗೆ ಸರಿಯಾದ ಪಾತ್ರ ಸಿಕ್ಕಿದ್ದು ಮೆಲ್ ಬ್ರೂಕ್ಸ್‌ನ 'ದಿ ಪ್ರೊಡ್ಯೂಸರ್ಸ್'ನಲ್ಲಿ, 1968ರಲ್ಲಿ ಥಿಯೇಟರುಗಳಿಗೆ ಬಂದದ್ದು. ದಿವಾಳಿ ಎದ್ದ ನಾಟಕ ನಿರ್ಮಾಪಕ ಮತ್ತು ಪುಕ್ಕಲು ಲೆಕ್ಕಿಗ ಸೇರಿ, ಖಂಡಿತ ಸೋಲುವ ನಾಟಕವೊಂದಕ್ಕೆ ನೂರಕ್ಕೆ ನೂರಕ್ಕಿಂತ ಎಷ್ಟೋ ಪಟ್ಟು ಪಾಲು ಮಾರುತ್ತಾರೆ. ಸೋತರೆ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಹಾಗಾಗಿ ಹಿಟ್ಲರ್‌ನನ್ನು ಹೊಗಳುವ ಸಂಗೀತ ನಾಟಕ ಆರಿಸಿಕೊಳ್ಳುತ್ತಾರೆ. ಜನ ಅದನ್ನು ವಿಡಂಬನೆ ಅಂದುಕೊಂಡು ಗೆಲ್ಲಿಸಿಬಿಡುತ್ತಾರೆ. ಲೆಕ್ಕಿಗನಾಗಿ ಜೀನ್ ವೈಲ್ಡರ್. ಬ್ರೂಕ್ಸ್‌ಗೆ ಚಿತ್ರಕಥೆಯ ಆಸ್ಕರ್ ಬಂತು. ಝೀರೋ ಅಭಿನಯ ನೋಡಬೇಕು ಅಂದರೆ ಇಲ್ಲಿಂದ ಶುರು ಮಾಡಿ.

ತಾನು ಆಗದೇ ಉಳಿದವನ ಪಾತ್ರ

ಈಗ ಮತ್ತೆ ಹಾಸ್ಟೆಲ್ ರೂಮಿನ ಆ ಚಿತ್ರಕ್ಕೆ ಬರೋಣ. 'ಫ್ರಂಟ್' ಅಂದರೆ ನಮ್ಮ ಭಾಷೆಯಲ್ಲಿ ಬೇನಾಮಿ. ಕಪ್ಪುಪಟ್ಟಿಯ ಬರಹಗಾರರು ಬೇರೆಯವರ ಹೆಸರಿನಲ್ಲಿ ಚಿತ್ರಕಥೆ ಮಾರುತ್ತಿದ್ದರು. ನಟನಿಗೆ ಆ ದಾರಿಯೂ ಇಲ್ಲ, ಮುಖವನ್ನು ಬೇನಾಮಿ ಮಾಡೋಕೆ ಆಗಲ್ಲವಲ್ಲ. ಝೀರೋ ಮಾಡಿದ ಹೆಕಿ ಬ್ರೌನ್ ಅಂಥ ಹಾಸ್ಯನಟ. ಫಿಲಿಪ್ ಲೋಬ್‌ನ ನೆರಳು ಆ ಪಾತ್ರದ ಮೇಲಿದೆ. ರೆಸಾರ್ಟಿನವರು ದುಡ್ಡು ಕಡಿಮೆ ಮಾಡುವ ದೃಶ್ಯ ಸ್ವತಃ ಝೀರೋ ಅನುಭವಿಸಿದ್ದು, ಬರ್ನ್‌ಸ್ಟೀನ್ ನೆನಪಿಟ್ಟುಕೊಂಡು ಬರೆದದ್ದು.

ಗಮನಿಸಬೇಕಾದ್ದು ಏನಂದರೆ ಹೆಕಿ ಧೀರ ಅಲ್ಲ. ಕೆಲಸಕ್ಕಾಗಿ ತನಿಖಾಧಿಕಾರಿಯ ಮುಂದೆ ಅಂಗಲಾಚುತ್ತಾನೆ, ಗೆಳೆಯನ ಮೇಲೆ ಕಣ್ಣಿಡಲು ಒಪ್ಪುತ್ತಾನೆ. ಕೊನೆಗೆ ಹೋಟೆಲ್ ಕೋಣೆಯಲ್ಲಿ ಶಾಂಪೇನ್ ತರಿಸಿ ಕುಡಿದು ಕಿಟಕಿಯಿಂದ ಹಾರುತ್ತಾನೆ. ಹಾರುವುದು ನಮಗೆ ಕಾಣಲ್ಲ, ಖಾಲಿ ಕಿಟಕಿ ಕಾಣುತ್ತೆ. ಹೆಸರು ಹೇಳದೇ ಗೆದ್ದವನು ತನ್ನ ದೊಡ್ಡ ಪಾತ್ರಗಳಲ್ಲಿ ಒಂದನ್ನು ಮುರಿದುಬಿದ್ದವನಿಗೆ ಕೊಟ್ಟ. ಆ ಮುಖದಲ್ಲಿ ತಿರಸ್ಕಾರ ಒಂದು ಚೂರೂ ಇಲ್ಲ, ನಾನು ಮೂರ್ನಾಲ್ಕು ಸಲ ಹುಡುಕಿದ್ದೀನಿ.

ಮರುವರ್ಷ, 1977ರಲ್ಲಿ, ಆರ್ನಾಲ್ಡ್ ವೆಸ್ಕರ್‌ನ 'ದಿ ಮರ್ಚೆಂಟ್' ನಾಟಕದಲ್ಲಿ ಶೈಲಾಕ್ ಆಗಲು ಸಿದ್ಧನಾದ. ಶೇಕ್ಸ್‌ಪಿಯರ್ ಬರೆದ ಕ್ರೂರ ಯಹೂದಿಯನ್ನು ಸಂಭಾವಿತ ಮನುಷ್ಯನಾಗಿ ತೋರಿಸುವ ನಾಟಕ. ಫಿಲಡೆಲ್ಫಿಯಾದಲ್ಲಿ ಒಂದು ಪ್ರದರ್ಶನ ಆಯಿತು, ಆಮೇಲೆ ಆಸ್ಪತ್ರೆ. ಸೆಪ್ಟೆಂಬರ್ 8ರಂದು ಮಹಾಅಪಧಮನಿ ಒಡೆದು ತೀರಿಕೊಂಡ. ವಯಸ್ಸು 62. ತನಗೆ ಶೋಕಸಭೆ ಬೇಡ ಅಂದಿದ್ದರಿಂದ ಮನೆಯವರು ಯಾವುದನ್ನೂ ಮಾಡಲಿಲ್ಲ.

ನಮ್ಮ ತಲೆಮಾರಿಗೆ ಪಟ್ಟಿ ಮಾಡೋದು ಸುಲಭ. ಯಾರು ಯಾವಾಗ ಏನು ಹೇಳಿದರು ಅನ್ನೋದರ ಸ್ಕ್ರೀನ್‌ಶಾಟ್ ಫೋನಿನಲ್ಲೇ ಇರುತ್ತೆ, ನನ್ನ ಫೋನಿನಲ್ಲೂ ಇವೆ. ಅಧಿಕಾರದಲ್ಲಿರುವವರು ಮಾಡುವ ಪಟ್ಟಿಯೂ ನಾವು ಮಾಡುವ ಪಟ್ಟಿಯೂ ಒಂದೇ ಅಂತ ನಾನು ಹೇಳಲ್ಲ. ಒಂದರ ಹಿಂದೆ ಪೊಲೀಸ್ ಇದ್ದಾರೆ, ಇನ್ನೊಂದರ ಹಿಂದೆ ಬರೀ ಕೋಪ ಇದೆ. ಆದರೆ ಝೀರೋ ಮೂರು ವಿಷಯಗಳನ್ನು ಬೇರೆ ಬೇರೆ ಇಟ್ಟಿದ್ದ ಅನ್ನೋದು ನನಗೆ ಮುಖ್ಯ ಅನ್ನಿಸುತ್ತೆ. ನೀನು ಮಾಡಿದ್ದನ್ನು ಎಲ್ಲರೆದುರು ನಿನ್ನ ಮುಖಕ್ಕೇ ಹೇಳ್ತೀನಿ. ನಿನ್ನ ಜೊತೆ ಊಟಕ್ಕೆ ಕೂರಲ್ಲ. ಆದರೆ ನಿನ್ನ ಕೆಲಸ ಕಿತ್ತುಕೊಳ್ಳೋಕೆ ನಾನು ಕೈಜೋಡಿಸಲ್ಲ.

ಪತ್ರಿಕೋದ್ಯಮಕ್ಕೆ ಬಂದ ಮೇಲೆ ಒಮ್ಮೆ ಐಟಿ ಕಂಪನಿಗಳ ಕೆಲಸಗಡಿತದ ಬಗ್ಗೆ ವರದಿ ಮಾಡುತ್ತಿದ್ದೆ. ಬೆಂಚ್ ನೀತಿಯನ್ನು ಒಳಗಿನಿಂದ ಬಲ್ಲವರು ಬೇಕಿತ್ತು. ಎರಡು ದಿನ ಯೋಚಿಸಿ ಆ ಹಳೇ ರೂಮ್‌ಮೇಟ್‌ಗೆ ಮೆಸೇಜ್ ಹಾಕಿದೆ. ಅವನು ಒಂದು ಗಂಟೆ ಫೋನಿನಲ್ಲಿ ಎಲ್ಲ ವಿವರಿಸಿದ, ನನ್ನ ಕರಡಿನಲ್ಲಿದ್ದ ಎರಡು ತಪ್ಪು ತಿದ್ದಿದ. ಕೊನೆಗೆ, ಒಂದಿನ ಸಿಗೋಣ, ಕಾಫಿ ಕುಡಿಯೋಣ ಅಂದೆ. ಬೇಡ ಬಿಡೋ, ವರದಿ ಬಂದ ಮೇಲೆ ಲಿಂಕ್ ಕಳಿಸು ಅಂದ.

ಕಳಿಸಿದೆ. ಓದಿದ್ದಾನೆ, ನೀಲಿ ಗೆರೆ ಬಂತು.